ತೋವಾರ್‌ಗೇ ಕೊಡಲಿ

ಕೂದಲು ಸುಟ್ಟ ವಾಸನೆಯೋ ಪಕ್ಕದ ಬೇಕರಿಯ ಬ್ರೆಡ್ಡಿನ ವಾಸನೆಯೋ, ಡಿಸೆಂಬರಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಡ್ರೈಯರಿನ ಬಿಸಿ ಮಣಿಕಟ್ಟಿಗೆ ಬಡಿಯುತ್ತಿದೆ, ದುಂಡು ಬ್ರಷ್ಷಿಗೆ ಗ್ರಿಸೆಲ್ಡಾ ಸೆನ್ಯೋರಾರ ಕೂದಲು ಸುತ್ತಿ ಎಳೆ, ಬಿಡು, ಮತ್ತೆ ಎಳೆ, ಹಬ್ಬದೊಳಗೆ ಬಾರ್ಕಿಸಿಮೆತೊದ ಹೆಂಗಸರಿಗೆಲ್ಲ ಕೂದಲು ನೆಟ್ಟಗಾಗಲೇಬೇಕು, ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬಾರದು ಅಂದುಕೊಂಡರೂ ಈ ಕುರ್ಚಿಯ ಜಾಗ ಇರುವುದೇ ಹೀಗೆ, ಕನ್ನಡಿಯಲ್ಲಿ ಬಾಗಿಲು ಕಾಣುತ್ತದಲ್ಲ, ಅಷ್ಟು ಸಾಕು, ಕನ್ನಡಿಯಲ್ಲಿ ಬಾಗಿಲು, ಬಾಗಿಲ ಮೆಟ್ಟಿಲ ಮೇಲೆ ನನ್ನ ಯುಲೀ, ಕೂದಲು ಸುತ್ತುವ ಪ್ಲಾಸ್ಟಿಕ್ ಉರುಳೆಗಳನ್ನು ರೈಲಿನ ಹಾಗೆ ಜೋಡಿಸುತ್ತಾ ಕೂತಿದ್ದಾಳೆ — ಮೆಟ್ಲು ಇಳೀಬೇಡ ಮಗಳೇ — ಇಳಿಯಲ್ಲಮ್ಮಾ — ಹಸಿರು ಚಪ್ಪಲಿ ಎರಡೂ ಕಾಲಲ್ಲಿವೆ, ಎರಡೂ ಇವೆ, ನೋಡಿಕೊಂಡೆ. ಗೋಡೆಯ ಟೀವಿಯಲ್ಲಿ ಕರಾಕಾಸಿನ ನಾಲ್ವರು ಟೈ ಕಟ್ಟಿಕೊಂಡು ಬೆಳಗಿನಿಂದ ಅದೊಂದನ್ನೇ ಜಗಿಯುತ್ತಿದ್ದಾರೆ, ಈ ಚಳಿಗಾಲದ ಬೇಸ್‌ಬಾಲ್ ಲೀಗಿನ ಅತ್ಯಮೂಲ್ಯ ಆಟಗಾರ ಯಾರು, ಬ್ರೌಲಿಯೊ ತೋವಾರನೋ ವಿಲ್ಮಾರ್ ಪೆರೋಸೊನೋ, ಹೆಸರು ಸಂಜೆ ಹೇಳುತ್ತಾರಂತೆ, ತೋವಾರ್‌ಗೇ ಕೊಡಲಿ, ದೇವರೇ, ತೋವಾರ್‌ಗೇ ಕೊಡಲಿ, ವಿಲ್ಮಾರ್‌ಗೆ ಬೇಡ, ಸ್ವಂತ ತಮ್ಮನಿಗೆ ಬೇಡ ಅಂತ ಹರಕೆ ಹೊರುವ ಅಕ್ಕ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಗ್ರಿಸೆಲ್ಡಾರ ಗಂಡ ರಾಮಿರೊ ಕಾಯುವ ಬೆಂಚಿನ ಮೇಲೆ ಕಾಲು ಚಾಚಿ, ಹೆಂಡತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಟೀವಿಯವರಿಗೇ ಪಾಠ ಹೇಳುತ್ತಿದ್ದಾರೆ, ಏನ್ರಯ್ಯಾ ನೀವು, ತೋವಾರ್ ಹೋಮ್ ರನ್ ಹೊಡೆದಷ್ಟು ಸಲ ನಿಮ್ಮ ಪೆರೋಸೊ ಬ್ಯಾಟೇ ಎತ್ತಿಲ್ಲ. ಗ್ರಿಸೆಲ್ಡಾ ತಲೆ ತಿರುಗಿಸುತ್ತಾರೆ, ಅಲ್ಲಾಡ್ಬೇಡಿ ಸೆನ್ಯೋರಾ, ಸುಡುತ್ತೆ, ಸುಟ್ರೆ ಸುಡ್ಲಿ ಬಿಡೇ, ಇವನ ಮಾತು ಕೇಳಿ ಒಳಗೆಲ್ಲ ಆಗ್ಲೇ ಸುಟ್ಟಿದೆ, ರಾಮಿರೊ, ನಿನ್ನ ತೋವಾರ್ ಹೊಡೆದು ಹೊಡೆದು ಅವನ ತಂಡ ಎಲ್ಲಿಗೆ ಬಂತು? ಕೊನೆಗೆ ಬಂತು. ಅವನಿಲ್ದಿದ್ರೂ ಕೊನೆಗೇ ಬರ್ತಿದ್ರು, ಮತ್ತೆ ಅವನೇನು ಅಮೂಲ್ಯ? ಉಳಿದ ಎಂಟು ಜನ ನಿದ್ದೆ ಹೊಡೀತಿದ್ರೆ ಅವನೇನೇ ಮಾಡ್ತಾನೆ, ಅದು ಅವನ ತಪ್ಪಾ, ಅಂತ ರಾಮಿರೊ. ಮಿಲಾಗ್ರೋಸ್, ಅಂಗಡಿಯ ಒಡತಿ, ಯಾರದೋ ಉಗುರಿಗೆ ಬಣ್ಣ ಹಚ್ಚುತ್ತಾ ತಲೆ ಎತ್ತದೆ, ಹೊಡೆದ ರನ್ನು ಬೋರ್ಡಿನ ಮೇಲೆ ಕಾಣುತ್ತೆ ಸ್ವಾಮಿ, ಪೆರೋಸೊ ತಡೆದ ರನ್ನು ಎಲ್ಲಿ ಕಾಣುತ್ತೆ ಹೇಳಿ, ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ಆ ಹುಡುಗ ನಿಂತ್ರೆ ಇರುವೆ ಕೂಡ ದಾಟಲ್ಲ — ನಿಜ, ನಿಜ, ಎದೆ ಉಬ್ಬುತ್ತದೆ, ಉಬ್ಬಬೇಡ, ಏನಾದರೂ ಹೇಳು, ಎಲ್ಲರೂ ಮಾತಾಡುವಾಗ ಒಬ್ಬಳೇ ಸುಮ್ಮನಿದ್ದರೆ ಅದೂ ಎದ್ದು ಕಾಣುತ್ತದೆ — ನಂಗೆ ತೋವಾರೇ ಸರಿ ಅನ್ಸುತ್ತಪ್ಪ, ಅಂದೆ, ಜನ ಟಿಕೆಟ್ ತಗೊಂಡು ಹೋಗೋದು ಹೋಮ್ ರನ್ ನೋಡೋಕೆ, ತಡೆಯೋದು ನೋಡೋಕಲ್ಲ. ನೋಡಿದ್ಯಾ, ಇವಳಿಗಿರೋ ಬುದ್ಧಿ ನಿಂಗಿಲ್ಲ ಎಂದು ರಾಮಿರೊ ಬೆಂಚು ಗುದ್ದಿದರು, ಯಹೈರಾ, ಆ ಕಂಬಕ್ಕೆ ವೋಟ್ ಹಾಕ್ತೀಯೇನೇ, ನಿನ್ನ ಕೈಯಿಂದ ಬ್ರಷ್ ಕಿತ್ಕೋಬೇಕು ನೋಡು ಎಂದು ಗ್ರಿಸೆಲ್ಡಾ ಕನ್ನಡಿಯಲ್ಲಿ ನನ್ನನ್ನು ಗದರಿದರು, ನಾನೂ ನಕ್ಕೆ, ಹಾಕ್ತೀನಿ ಸೆನ್ಯೋರಾ, ಸಾವಿರ ವೋಟಿದ್ದರೆ ಸಾವಿರವನ್ನೂ ಹಾಕುತ್ತೇನೆ, ಆ ಕಂಬವೇ ನನ್ನ ಮಗಳನ್ನು ಕಾಯಬೇಕು.

ಬೈಕಿನ ಸದ್ದು. ಕನ್ನಡಿ. ಇಬ್ಬರು, ಹಿಂದೆ ಕೂತವನ ಹೆಲ್ಮೆಟ್ ಮುಖ ಪೂರ್ತಿ ಮುಚ್ಚಿದೆ, ನಿಧಾನ ಮಾಡಿದರೇ, ಇಲ್ಲ, ಗುಂಡಿ ಇದೆ ಅಲ್ಲಿ, ಎಲ್ಲರೂ ಅಲ್ಲಿ ನಿಧಾನ ಮಾಡುತ್ತಾರೆ, ಹೋದರು. ಯುಲೀ ಇದ್ದಾಳೆ. ಓತಿಲಿಯಾ ಚಿಕ್ಕಮ್ಮನ ಮನೆ ನಮ್ಮ ಮನೆಗೆ ಎದುರೇ ಇತ್ತು, ಸರೋವರದ ದಂಡೆಯ ನಮ್ಮ ಹಳೆಯ ಊರಿನಲ್ಲಿ, ಅವರ ಮಗ ಇದೇ ಲೀಗಿನಲ್ಲಿ ಕ್ಯಾಚರ್, ಅವನಿಗೆ ಇದೇ ಪ್ರಶಸ್ತಿ ಬಂದ ವರ್ಷ ಬೀದಿಗೆ ಬೀದಿಯೇ ಹಾಡಿತ್ತು, ಡೋಲು, ಪಟಾಕಿ, ಚಿಕ್ಕಮ್ಮ ಬಾಳೆಯೆಲೆಯಲ್ಲಿ ಕಟ್ಟಿದ ಹಬ್ಬದ ಅಯ್ಯಾಕಾ ಹಂಡೆ ತುಂಬ ಬೇಯಿಸಿ ಮನೆಮನೆಗೆ ಹಂಚಿದರು, ಒಳಗೆ ಹೂರಣಕ್ಕೆ ಅವತ್ತು ಮಾಂಸ ಎಷ್ಟು ಧಾರಾಳ, ಆಲಿವ್ ಕಾಯಿ ಕೂಡ, ಟೀವಿಯವರು ಬಂದು ಮನೆ ತೋರಿಸಿದರು, ಬೀದಿಯ ಹೆಸರು ತೋರಿಸಿದರು, ನೀಲಿ ಗೇಟು ತೋರಿಸಿದರು, ಚಿಕ್ಕಮ್ಮ ಅದೇ ಗೇಟಿಗೆ ಒರಗಿ ಕೈ ಬೀಸಿದರು, ನಾವೆಲ್ಲ ಹಿಂದೆ ನಿಂತು ಹಲ್ಲು ಕಿರಿದೆವು. ಬೀದಿಯ ದೀಪದ ಸರ ಇನ್ನೂ ಬಿಚ್ಚಿರಲಿಲ್ಲ, ಬೆಳಿಗ್ಗೆ ಚಿಕ್ಕಮ್ಮ ಕಸದ ಚೀಲ ಇಡಲು ಹೊರಗೆ ಬಂದರು, ನಾನು ಕಾಫಿ ಸೋಸುತ್ತಿದ್ದೆ, ಬೈಕಿನ ಸದ್ದು ಕೇಳಿತು, ಆಮೇಲೆ ಕಾರಿನ ಬಾಗಿಲು ಬಡಿದದ್ದು, ಸೋಸುವುದನ್ನು ನಿಲ್ಲಿಸಲೂ ಇಲ್ಲ ನಾನು, ಬೈಕು ಕಾರು ಯಾವ ಬೀದಿಯಲ್ಲಿಲ್ಲ, ಬಟ್ಟಲು ಹಿಡಿದು ಕಿಟಕಿಗೆ ಬಂದಾಗ ಗೇಟಿನ ಮುಂದೆ ಕಸದ ಚೀಲ, ಅದರ ಪಕ್ಕ ಒಂದು ಚಪ್ಪಲಿ, ಗುಲಾಬಿ ರಬ್ಬರಿನದು, ಒಂದೇ. ಹೊತ್ತುಕೊಂಡು ಹೋದವರು ಕೇಳಿದಷ್ಟು ದುಡ್ಡನ್ನೂ ಮಗ ಕೊಟ್ಟ, ಚಿಕ್ಕಮ್ಮ ಬರಲಿಲ್ಲ, ಇವತ್ತಿಗೂ ಬಂದಿಲ್ಲ, ಆ ಚಪ್ಪಲಿಯನ್ನು ಎತ್ತಿಡಲು ಯಾರಿಗೂ ಕೈ ಬರಲಿಲ್ಲ, ಬಿಸಿಲಿಗೆ ಅದರ ಬಣ್ಣ ಹೋಗುತ್ತಾ ಬಂತು. ಆ ತಿಂಗಳಲ್ಲೇ ಯುಲೀಯನ್ನು ಸೊಂಟಕ್ಕೇರಿಸಿಕೊಂಡು ಇಲ್ಲಿಗೆ ಬಂದೆ, ಪೆರೋಸೊ ಬಿಟ್ಟು ಅಮ್ಮನ ಕಡೆಯ ಹೆಸರು ಇಟ್ಟುಕೊಂಡೆ, ಲಿನಾರೆಸ್, ಯಹೈರಾ ಲಿನಾರೆಸ್, ಅಣ್ಣತಮ್ಮ ಯಾರೂ ಇಲ್ಲ, ಒಬ್ಬಳೇ ಮಗಳು, ಮಿಲಾಗ್ರೋಸ್ ಅಯ್ಯೋ ಪಾಪ ಅಂದಳು.

ಪಾಪ ಅನ್ನಬೇಕಾದದ್ದು ವಿಲ್ಮಾರ್‌ಗೆ. ರಾತ್ರಿಯ ಆಟಕ್ಕೆ ಮುಂಚೆ ಫೋನ್ ಮಾಡುತ್ತಾನೆ, ಮೈದಾನದ ಸದ್ದು ಹಿಂದೆ ಕೇಳುತ್ತಿರುತ್ತದೆ, ಅಕ್ಕಾ, ಈ ಸಲ ಬರುತ್ತೆ ಅಂತಾರೆ ಎಲ್ಲಾರೂ, ಬಂದ್ರೆ ಅಮೆರಿಕದ ತಂಡದವರು ಕರೀತಾರಂತೆ, ಬೇಡ್ಕೋ ಅಕ್ಕಾ. ಬೇಡ್ಕೊತೀನಿ ಕಂದಾ, ಬಂದೇ ಬರುತ್ತೆ ಅನ್ನುತ್ತೇನೆ, ಸುಳ್ಳು, ಇಬ್ಬರ ಮಧ್ಯೆ ಹುಟ್ಟಿದಾಗಿನಿಂದ ಇಲ್ಲದ ಸುಳ್ಳು. ಮೊನ್ನೆ ಇನ್ನೊಂದು ತೆಗೆದ, ಮೈಕ್ ಕೊಡ್ತಾರಲ್ಲ ಅಕ್ಕಾ, ಮೊದಲು ನಿನ್ನ ಹೆಸರೇ ಹೇಳ್ತೀನಿ, ನನ್ನಕ್ಕ ಯಹೈರಾ, ಬಾರ್ಕಿಸಿಮೆತೊದಲ್ಲಿ ಅಂಗಡೀಲಿ ನಿಂತು ದುಡೀತಾಳೆ ಅಂತ. ಹೇಳ್ಬೇಡ ಕಣೋ, ಕಾಲಿಗೆ ಬೀಳ್ತೀನಿ. ಏನಕ್ಕಾ ನೀನು, ಇನ್ಯಾರ ಹೆಸರು ಹೇಳ್ಲಿ, ದಿನಾ ಮುಚ್ಚಳ ಎಸೆದವಳು ನೀನು ತಾನೇ? ಹೌದು, ನಾನೇ, ಚೆಂಡು ಕೊಳ್ಳಲು ಗತಿಯಿಲ್ಲದೆ ಸೋಡಾ ಬಾಟಲಿಯ ಮುಚ್ಚಳ ಎಸೆಯುತ್ತಿದ್ದೆ, ಪೊರಕೆಯ ಕೋಲಿನಿಂದ ಅವನು ಹೊಡೆಯುತ್ತಿದ್ದ, ಓಣಿಯ ಹುಡುಗರೆಲ್ಲ ಹಾಗೇ ಆಡುವುದು, ಆದರೆ ನನ್ನ ಮುಚ್ಚಳ ಗಾಳಿಯಲ್ಲಿ ತಿರುಗಿದ ಹಾಗೆ ಯಾರ ಮುಚ್ಚಳವೂ ತಿರುಗುತ್ತಿರಲಿಲ್ಲ, ಎಡಕ್ಕೆ ಹೋಗುತ್ತೆ ಅನಿಸಿ ಬಲಕ್ಕೆ ಬೀಳುತ್ತಿತ್ತು, ಅಕ್ಕಾ ಇನ್ನೊಂದು, ಅಕ್ಕಾ ಇನ್ನೊಂದೇ ಒಂದು, ಕತ್ತಲಾಗಿ ಮುಚ್ಚಳ ಕಾಣದೆ ಹೋದರೂ ಇನ್ನೊಂದು. ಅವನು ಗೆಲ್ಲಬೇಕು ಅಂತ ನನ್ನ ಮೈಯ ಒಂದೊಂದು ಎಲುಬೂ ಕೇಳುತ್ತದೆ, ಗೆಲ್ಲಬಾರದು ಅಂತ ನಾನು ಕೇಳುತ್ತೇನೆ, ನನಗೆ ಹೆದರಿಕೆ, ನನಗೆ ಅಷ್ಟೇ ಗೊತ್ತು, ಬಲಗಡೆಯ ಕೂದಲು ಮುಗಿಯಿತು, ಎಡಗಡೆ ಹಿಡಿ, ಕನ್ನಡಿ ನೋಡು, ಉರುಳೆಗಳ ರೈಲು ಈಗ ಮೆಟ್ಟಿಲ ತುದಿಗೆ ಬಂದಿದೆ, ಒಂದು ಕಾಲಿನ ಚಪ್ಪಲಿ ಬಿಚ್ಚಿ ರೈಲಿಗೆ ಎಂಜಿನ್ ಮಾಡಿದ್ದಾಳೆ — ಹಾಕ್ಕೋ ಯುಲೀ, ಹಾಕ್ಕೋ ಚಪ್ಪಲಿ — ಇರಮ್ಮಾ ಆಟ ಆಡ್ತಿದೀನಿ.

ಏ ಏ ಏ, ನೋಡಿ ಇಲ್ನೋಡಿ, ರಾಮಿರೊ ಎದ್ದೇ ನಿಂತರು, ಇದನ್ನ ತೋರಿಸ್ಲಿ ಅಂತಾನೇ ನಾನು ಕಾಯ್ತಿದ್ದೆ. ಟೀವಿಯಲ್ಲಿ ಹೋದ ತಿಂಗಳ ಆ ಆಟ, ನಿಧಾನವಾಗಿ, ಚೆಂಡು ನೆಲಕ್ಕೆ ಬಡಿದು ಏಳುತ್ತದೆ, ವಿಲ್ಮಾರ್ ಬಗ್ಗುತ್ತಾನೆ, ಮುಖ ಒಂದು ಪಕ್ಕಕ್ಕೆ ಹೊರಳುತ್ತದೆ, ಚೆಂಡು ಕೈಗವಸಿನ ಕೆಳಗಿನಿಂದ ಓಡಿಹೋಗುತ್ತದೆ, ಹಿಂದಕ್ಕೆ ಮಾಡಿ ಮತ್ತೆ ತೋರಿಸುತ್ತಾರೆ, ಮುಖದ ಸುತ್ತ ಬಿಳಿಯ ಉಂಗುರ ಬರೆದು ಮತ್ತೆ. ಟೈ ಕಟ್ಟಿದವರಲ್ಲೊಬ್ಬ, ಈ ಒಂದು ದೃಶ್ಯ ಸಾಕು ಅನ್ನುತ್ತಾನೆ, ಕಣ್ಣು ತಪ್ಪಿಸ್ತಾನೆ. ಒಳ್ಳೆಯದು, ತಪ್ಪಿಸ್ತಾನೆ ಅನ್ನು, ಇನ್ನೂ ಹೇಳು, ನಿನ್ನ ಬಾಯಿಗೆ ಸಕ್ಕರೆ ಹಾಕುತ್ತೇನೆ, ಗೆದ್ದೆವು ಯುಲೀ, ತೋವಾರ್‌ಗೇ ಹೋಗುತ್ತದೆ, ಹಬ್ಬ ಕಳೆಯುತ್ತದೆ, ನಿನಗೆ ಸ್ಕೇಟು ಕೊಡಿಸುತ್ತೇನೆ, ಬೀದಿಯಲ್ಲಿ ನೀನು ಓಡಾಡಬಹುದು. ಹೇಡಿ ಕಣ್ರೀ ಅವನು, ರಾಮಿರೊ ಅಂದರು, ಚೆಂಡಿಗೇ ಹೆದರೋನು, ಎಳೇ ಮಗು ಹಾಗೆ ಮುಖ ಮುಚ್ಕೋತಾನೆ, ಅಂಥವನಿಗೆ ಲಂಗ ಉಡಿಸಿ ಮನೇಲಿ ಕೂರಿಸ್ಬೇಕು ಅಂತ ನಗುತ್ತಾರೆ, ಎಲ್ಲರೂ ನಗುತ್ತಾರೆ, ಗ್ರಿಸೆಲ್ಡಾ ಕೂಡ ನಕ್ಕುಬಿಟ್ಟರು, ನಗು, ನೀನೂ ನಗು, ತುಟಿ ಬಿಚ್ಚಿದರೆ ಸಾಕು, ಕಾಫಿಪುಡಿ ಬೆರಳಿಗೆ ಮೆತ್ತಿಕೊಂಡಿತ್ತು ಅವತ್ತು ಓಣಿಯಲ್ಲಿ, ವಿಲ್ಮಾರನ ಮುಖದ ಬಿಸಿ ರಕ್ತ ನಿಲ್ಲಲಿ ಅಂತ ಒತ್ತಿ ಹಿಡಿದಿದ್ದೆ, ಕೂಗಲಿಲ್ಲ ಅವನು, ಹಲ್ಲು ಕಚ್ಚಿಕೊಂಡು ಅಕ್ಕಾ ಇನ್ನೊಂದು ಎಸಿ ಅಂದ, ರಕ್ತ ಇಳಿಯುತ್ತಿರುವಾಗಲೇ ಅಂದ, ಇವರು ಇವನನ್ನು — ಹೆದರಿಕೆ ಅಲ್ಲ ಅದು. ಯಾರು ಮಾತಾಡಿದ್ದು. ಹೆದರಿಕೆ ಅಲ್ಲ ಅದು, ಎಡಗಣ್ಣು ಸರಿಯಾಗಿ ಕಾಣಲ್ಲ ಅವನಿಗೆ, ಚಿಕ್ಕೋನಿದ್ದಾಗ ಮುಚ್ಚಳ ಬಡಿದಿತ್ತು, ನಾನೇ ಎಸೆದದ್ದು, ಎಡಗಡೆಯಿಂದ ಬಂದ್ರೆ ಮುಖ ತಿರುಗಿಸಿ ಬಲಗಣ್ಣಲ್ಲಿ ನೋಡ್ತಾನೆ, ಒಂದೂವರೆ ಕಣ್ಣಲ್ಲಿ ಆಡ್ತಾನೆ ಅವನು, ಎರಡು ಕಣ್ಣಿರೋ ನಿಮ್ಮ ತೋವಾರ್ ಒಂದಾದ್ರೂ ಹಾಗೆ ತಡೀಲಿ ನೋಡೋಣ. ಡ್ರೈಯರ್ ಇನ್ನೂ ಉರಿಯುತ್ತಿದೆ, ಗ್ರಿಸೆಲ್ಡಾರ ಕೂದಲಿನ ಒಂದು ಎಳೆ ಕಮರುತ್ತಿದೆ, ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾರೆ.

ನೀನೇ ಎಸೆದದ್ದಾ, ಮಿಲಾಗ್ರೋಸ್ ಬಣ್ಣದ ಕುಂಚ ಮೇಲೆ ಹಿಡಿದೇ ಕೇಳಿದಳು, ನಿಂಗೆ ಅಣ್ಣತಮ್ಮ ಯಾರೂ ಇಲ್ಲ ಅಂದಿದ್ಯಲ್ಲೇ. ಯಾರೋ ಹೇಳಿದ್ದು ಕೇಳಿದೆ ಅಂದೆ, ತಡವಾಗಿ ಅಂದೆ. ಹುಬ್ಬು ನೋಡ್ರೀ, ಇವಳ ಹುಬ್ಬು ನೋಡಿ, ಟೀವಿ ನೋಡಿ, ಗ್ರಿಸೆಲ್ಡಾರಿಗೆ ಖುಷಿ, ಸುಟ್ಟ ಕೂದಲೂ ಮರೆತುಹೋಯಿತು, ನನ್ನ ಕೈ ಹಿಡಿದುಕೊಂಡರು, ವಿಲ್ಮಾರ್ ಪೆರೋಸೊನ ಅಕ್ಕ ಕಣ್ರೋ, ನನ್ನ ಕೂದಲು ಒಣಗಿಸ್ತಿರೋದು ವಿಲ್ಮಾರನ ಅಕ್ಕ, ಕಳ್ಳಿ, ಅದಕ್ಕೇ ತೋವಾರ್ ತೋವಾರ್ ಅಂತಿದ್ಲು. ಕೋಪ ಮಾಡ್ಕೋಬೇಡಮ್ಮಾ, ತಮಾಷೆಗೆ ಅಂದೆ, ರಾಮಿರೊ ಫೋನು ತೆಗೆದಾಗಿದೆ, ಒಂದು ಫೋಟೊ, ನಗಮ್ಮಾ, ನಮ್ಮ ಬೀದಿಯವರಿಗೆಲ್ಲ ಕಳಿಸ್ತೀನಿ, ಬೇಡ ಸೆನ್ಯೋರ್, ದಮ್ಮಯ್ಯ, ಬೇಡ, ಕಳಿಸ್ದೆ ಕಳಿಸ್ದೆ, ಅಂಗಡಿ ಹೆಸರೂ ಹಾಕಿದೀನಿ, ಮಿಲಾಗ್ರೋಸ್‌ಗೆ ವ್ಯಾಪಾರ ಆಗ್ಲಿ. ವಿಲ್ಮಾರ್ ಹೇಳಲಿಲ್ಲ, ಮೈಕು ಹೇಳಲಿಲ್ಲ, ಪ್ರಶಸ್ತಿ ಯಾರಿಗೆ ಹೋದರೇನು ಇನ್ನು, ನನ್ನ ಬಾಯಿಯೇ, ಬೈಕಿನ ಸದ್ದು, ಗುಂಡಿಯ ಹತ್ತಿರ ನಿಧಾನ, ಕನ್ನಡಿ, ಕನ್ನಡಿಯಲ್ಲಿ ಬಾಗಿಲು, ಬಾಗಿಲಲ್ಲಿ ಯಾರೂ ಇಲ್ಲ, ಉರುಳೆಗಳು ಚೆಲ್ಲಿಹೋಗಿವೆ, ಮೆಟ್ಟಿಲ ಮೇಲೆ ಹಸಿರು ಚಪ್ಪಲಿ, ಒಂದು, ಯುಲೀ, ಡ್ರೈಯರ್ ನೆಲಕ್ಕೆ ಬಿತ್ತು, ಯುಲೀ — ಏನಮ್ಮಾ, ನೀರು ಕುಡೀತಿದ್ದೆ — ಒಳಗಿದ್ದಾಳೆ, ಒಳಗಿನ ಕೋಣೆಯಿಂದ ಲೋಟ ಹಿಡಿದು ಕುಂಟುತ್ತಾ ಬಂದಳು, ಒಂದು ಕಾಲು ಬರಿಗಾಲು, ತಬ್ಬಿಕೊಂಡೆ, ನೀರು ನನ್ನ ಎದೆಯ ಮೇಲೆ ಚೆಲ್ಲಿತು, ಇದ್ದಾಳೆ, ಕೈಯಲ್ಲೇ ಇದ್ದಾಳೆ, ಉಸಿರು ಕುತ್ತಿಗೆಗೆ ತಾಗುತ್ತಿದೆ, ಏನಾಯ್ತೇ ನಿಂಗೆ, ಇಷ್ಟಕ್ಕೆಲ್ಲ ಅಳ್ತಾರೇನೇ, ನಿನ್ನ ತಮ್ಮನಿಗೇ ಕೊಡ್ತಾರೆ ಬಿಡು, ನಗುತ್ತಿದ್ದಾರೆ, ಯಾರೋ ಬೆನ್ನು ಸವರುತ್ತಿದ್ದಾರೆ, ರಾಮಿರೊನ ಫೋನು ಟಿಣ್ ಟಿಣ್ ಅನ್ನುತ್ತಿದೆ, ಅಮ್ಮಾ ಬಿಡು ನೋಯ್ತಿದೆ, ಚಪ್ಪಲಿ ತಗೊಂಡ್ಬರ್ತೀನಿ, ಬೇಡ, ಹೋಗಬೇಡ, ಅಲ್ಲೇ ಇರಲಿ, ಹೊರಗೆ ಬಿಸಿಲು ಬಿದ್ದಿದೆ ಅದರ ಮೇಲೆ, ಮೆಟ್ಟಿಲ ಮೇಲೆ ಚಪ್ಪಲಿ, ಹಸಿರು, ಚಿಕ್ಕದು, ಒಂದೇ, ಒಂದೇ