ಆರು ಪ್ರತಿಗಳ ಎತ್ತರ

೧

ಈ ಕಥೆಯನ್ನು ಕಾರಿನಿಂದ ಶುರು ಮಾಡಬೇಕೋ ಕುರ್ಚಿಯಿಂದಲೋ ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಕಾರಿನಿಂದ ಶುರುವಾದ ಮೊದಲ ಡ್ರಾಫ್ಟ್ ಹೀಗಿತ್ತು: ‘ಕೆಂಪು ಕಾರೊಂದು ತಿರುವು ದಾಟಿ ಬಂದಾಗ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನೋಡಿತು.’ ಹೆಂಡತಿ ಓದಿದಳು. ಬೀದಿ ಯಾಕೆ ಉಸಿರು ಬಿಗಿಹಿಡಿಯುತ್ತದೆ, ಆ ಕಾರಿನ ಡಿಕ್ಕಿಯಲ್ಲಿ ತನ್ನ ಎರಡು ಟೂಲ್‌ಬಾಕ್ಸ್ ಹಿಡಿಯುತ್ತವಾ ಎಂದು ಕೇಳಿದಳು. ಡ್ರಾಫ್ಟ್ ಅಲ್ಲೇ ಕೆಟ್ಟು ನಿಂತಿತು.

೨

ಸರಿ, ವಿಷಯಕ್ಕೆ ಬರೋಣ. ನನ್ನ ಹೆಂಡತಿ ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಟೇಪು ಹಿಡಿದು ನೋಡದೆ ಯಾರ ಮಾತನ್ನೂ ನಂಬುವವಳಲ್ಲವಾದ್ದರಿಂದ ಆಫೀಸಿನಲ್ಲಿ ಅವಳಿಗೆ ‘ಅಳತೆಯಮ್ಮ’ ಎಂದೇ ಹೆಸರು. ಕಂಪನಿ ಅವಳಿಗೊಂದು ಕಾರು ಕೊಡುತ್ತಿದೆ. ವಾರವೆಲ್ಲ ಕೆಲಸಕ್ಕೆ, ಭಾನುವಾರ ಮನೆಗೆ. ಪಟ್ಟಿಯಲ್ಲಿ ಮೂರು ಕಾರುಗಳಿವೆ, ಶುಕ್ರವಾರದೊಳಗೆ ಒಂದಕ್ಕೆ ಟಿಕ್ ಹಾಕಬೇಕು. ಹಾಕಿದ ಮೇಲೆ ನಾಲ್ಕು ವರ್ಷ ಬದಲಾಯಿಸುವಂತಿಲ್ಲ.

ಹೆಸರಿಡುವುದು ನನ್ನ ಕೆಲಸ. ತಗ್ಗಾಗಿ, ನುಣುಪಾಗಿ ಇದ್ದದ್ದು ಕೆಂಪಿ. ಹತ್ತಲು ಏಣಿ ಬೇಕೆನಿಸುವಂಥದ್ದು ದೊಡ್ಡಣ್ಣ. ಮೂರನೆಯದು ಚೌಕಾಕಾರದ, ಯಾವ ಕವಿಯೂ ಎರಡನೇ ಸಲ ತಿರುಗಿ ನೋಡದ ಡಬ್ಬಿ. ನನ್ನ ವೋಟು ಕೆಂಪಿಗೆ. (ನಾಲ್ಕು ವರ್ಷ ಡಬ್ಬಿಯ ಮೇಲೆ ಕಥೆ ಬರೆಯುವುದು ಹೇಗೆ ಸ್ವಾಮಿ?)

೩

ಅಮ್ಮ ಮನೆಯಿಂದಾಚೆ ಕಾಲಿಟ್ಟು ಎಂಟು ತಿಂಗಳಾಯಿತು. ಕೊನೆಯ ಸಲ ಚಿಕ್ಕಮ್ಮನ ಮನೆಯೆದುರು ಟ್ಯಾಕ್ಸಿಯಿಂದ ಏಳುವಾಗ ಮಂಡಿ ಕೈಕೊಟ್ಟಿತ್ತು. ನಾನೂ ಡ್ರೈವರೂ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದೆವು. ಅಕ್ಕಪಕ್ಕದವರು ನಿಂತು ನೋಡಿದರು. ಅಮ್ಮ ಆಗ ನಕ್ಕಳು. ಮನೆಗೆ ಬಂದ ಮೇಲೆ, “ಇನ್ಮೇಲೆ ಮೂಟೆ ಥರ ಎತ್ತಿಸ್ಕೊಂಡು ನಾನೆಲ್ಲಿಗೂ ಬರಲ್ಲ” ಎಂದಳು. ಅಂದ ಹಾಗೇ ನಡೆದುಕೊಂಡಳು.

ಚಿಕ್ಕಮ್ಮನಿಗೆ ಕಣ್ಣು ಮಂಜಾಗುತ್ತಿದೆ. ಇನ್ನು ಕೆಲವು ತಿಂಗಳು ಕಂಡರೆ ಹೆಚ್ಚು ಎಂದಿದ್ದಾರೆ ಡಾಕ್ಟರು. ಅವಳೂ ಪ್ರಯಾಣ ಮಾಡುವ ಹಾಗಿಲ್ಲ. ಒಂದೂವರೆ ಗಂಟೆಯ ದಾರಿಯ ಆಚೆ ಈಚೆ ಕೂತು ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಚಿಕ್ಕಮ್ಮ ಪ್ರತಿಸಲವೂ, “ನಿನ್ನ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು ಕಣೇ ಅಕ್ಕ” ಎನ್ನುತ್ತಾಳೆ. ಅಮ್ಮ ಮಾತು ಬದಲಿಸುತ್ತಾಳೆ.

(ಇಲ್ಲಿ ‘ಅಮ್ಮನ ಕಣ್ಣು ತುಂಬಿತು’ ಎಂದು ಬರೆದಿದ್ದೆ. ಅಮ್ಮ ಓದಿಸಿಕೊಂಡು ಹೊಡೆದುಹಾಕಿಸಿದಳು. “ನಾನ್ಯಾವಾಗ ಅತ್ತಿದ್ದು? ಈರುಳ್ಳಿ ಹೆಚ್ತಿದ್ದೆ.” ಅವತ್ತು ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ. ಆದರೂ ಹೊಡೆದುಹಾಕಿದ್ದೇನೆ.)

೪

ಈಗ ಕುರ್ಚಿ.

ಪಟ್ಟಿ ಬಂದ ದಿನ ಹೆಂಡತಿ ಕಾರುಗಳ ಫೋಟೋ ನೋಡಲೇ ಇಲ್ಲ. ಊಟದ ಮೇಜಿನ ಕುರ್ಚಿ ತಂದು, ಅತ್ತೆಯನ್ನು ಕೂರಿಸಿ, ಯಾವುದನ್ನೂ ಹಿಡಿಯದೆ ಏಳಿ ಎಂದಳು. ಅಮ್ಮನಿಂದ ಆಗಲಿಲ್ಲ. ಕುರ್ಚಿಯನ್ನು ಎತ್ತರಿಸಲು ಏನಾದರೂ ಬೇಕಿತ್ತು. ಮಂಚದ ಕೆಳಗೆ ನನ್ನ ಕಥಾಸಂಕಲನದ ಮಾರಾಟವಾಗದ ಪ್ರತಿಗಳಿದ್ದವು. ಎಷ್ಟು ಎಂದು ಕೇಳಬೇಡಿ.

ಒಂದೊಂದೇ ಪ್ರತಿ ಕುರ್ಚಿಯ ಮೇಲಿನ ದಿಂಬಿನ ಕೆಳಗೆ ಸೇರಿತು. ಐದನೆಯದಕ್ಕೆ ಅಮ್ಮ ಮೇಜು ಮುಟ್ಟದೆ ಎದ್ದು ನಿಂತಳು.

“ನಿನ್ನ ಪುಸ್ತಕ ಇಷ್ಟು ದಿನ ನನ್ನನ್ನ ಮಲಗಿಸ್ತಿತ್ತು” ಎಂದಳು ನನಗೆ. “ಇವತ್ತು ಎಬ್ಬಿಸ್ತು ನೋಡು.”

ಅಷ್ಟಕ್ಕೇ ಕೈಬಿಟ್ಟಿದ್ದರೆ ಅವಳು ಅಳತೆಯಮ್ಮನೇ ಅಲ್ಲ. ಸಂಜೆ, ಮಂಡಿ ದಣಿದ ಮೇಲೆ ಮತ್ತೆ ಕೂರಿಸಿದಳು. ಖಾಲಿ ಲಿಫ್ಟನ್ನು ಪರೀಕ್ಷೆ ಮಾಡಿದರೆ ಎಲ್ಲ ಲಿಫ್ಟೂ ಪಾಸಾಗುತ್ತದಂತೆ. ಸಂಜೆಯ ಮಂಡಿಗೆ ಆರು ಪ್ರತಿ ಬೇಕಾಯಿತು. ದಿಂಬು ಎಷ್ಟು ತಗ್ಗುತ್ತದೆ, ಕಾರಿನ ಸೀಟು ಎಷ್ಟು ತಗ್ಗಬಹುದು ಎಲ್ಲ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಪ್ಪತ್ತು ವರ್ಷದಿಂದ ಮನುಷ್ಯರನ್ನು ಬರೆಯುತ್ತಿದ್ದೇನೆಂದು ಬೀಗುವ ನಾನು ಅಮ್ಮನ ಸಂಜೆಯ ಮಂಡಿಯನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಅವತ್ತು ಹೆಂಡತಿಯ ಮೇಲೆ ನನಗೆ ಹೊಸದಾಗಿ ಪ್ರೀತಿ ಹುಟ್ಟಿತು. (ಈ ವಾಕ್ಯ ತೆಗೆಯಿರಿ ಎಂದಿದ್ದಾಳೆ. ತೆಗೆಯುವುದಿಲ್ಲ.)

ಆರು ಪ್ರತಿಗಳ ಕುರ್ಚಿ ಅಂದಿನಿಂದ ಅಮ್ಮನದಾಯಿತು.

೫

ಈ ಭಾಗವನ್ನು ಬಿಟ್ಟುಬಿಡುವ ಆಸೆ ಇತ್ತು.

ಬುಧವಾರ ಒಬ್ಬ ಓದುಗರು ಫೋನ್ ಮಾಡಿ ಸಂಕಲನದ ಪ್ರತಿ ಇದೆಯಾ ಎಂದರು. ಒಂದು ವರ್ಷದಲ್ಲಿ ಮೊದಲ ಸಲ. ಮಂಚದ ಕೆಳಗೆ ಬಗ್ಗುವ ತಾಳ್ಮೆ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ ಕುರ್ಚಿಯಿಂದ ಒಂದನ್ನು ಎಳೆದು, ಸಹಿ ಹಾಕಿ, ಕೊರಿಯರ್ ಮಾಡಿ ಬಂದೆ. ಸಂಜೆ ಅಮ್ಮ ಮೇಜು ಹಿಡಿದು ಎದ್ದಳು. ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಗುರುವಾರ ಹೆಂಡತಿ ಶೋರೂಮಿನಿಂದ ಫೋನ್ ಮಾಡಿದಳು. ನೋಟ್‌ಬುಕ್ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಬಿದ್ದು ಎಣ್ಣೆಯಲ್ಲಿ ನೆನೆದಿತ್ತಂತೆ, ಕುರ್ಚಿಯ ಎತ್ತರ ಅಳೆದು ಹೇಳಿ ಎಂದಳು. ಅಳೆದು ಹೇಳಿದೆ. ತನಗೆ ನೆನಪಿರುವುದಕ್ಕಿಂತ ಕಡಿಮೆಯಾಯಿತಲ್ಲ ಎಂದಳು. ಆಮೇಲೆ, “ಸರಿಯಾಗಿ ನೋಡಿದ್ರಾ?” ಎಂದಳು. ನೋಡಿದೆ ಎಂದೆ. ತನ್ನ ನೆನಪನ್ನು ಬಿಟ್ಟು ನನ್ನನ್ನು ನಂಬಿದಳು.

ಆ ಲೆಕ್ಕದಲ್ಲಿ ಕೆಂಪಿ ಪಾಸಾಯಿತು. ನಾನು ಒಬ್ಬನೇ ಕುಣಿದೆ.

(ಓದುಗರೇ, ಒಂದು ಪ್ರತಿ ಕಡಿಮೆ ಇರುವುದು ನನಗೆ ನಿಜವಾಗಿ ಮರೆತಿತ್ತೇ? ಇದನ್ನು ಮೂರು ಥರ ಬರೆದು ನೋಡಿದೆ. ಮೂರರಲ್ಲೂ ನಾನು ಒಳ್ಳೆಯವನಾಗಿ ಕಾಣಲಿಲ್ಲ.)

೬

ಸಂಜೆ ಸೇಲ್ಸ್‌ಮನ್ ಕೆಂಪಿಯನ್ನು ಮನೆ ಬಾಗಿಲಿಗೇ ತಂದರು. (ತಮಗೂ ಒಂದು ಡೈಲಾಗ್ ಬೇಕು, ಮೈಲೇಜ್ ವಿಷಯ ಬರಬೇಕು ಎಂದು ಅವರ ಒತ್ತಾಯ. ಮೈಲೇಜ್ ಚೆನ್ನಾಗಿದೆ. ಆಯಿತಾ?) ಸೊಸೆಯ ಅಳತೆ ಎಂದಮೇಲೆ ಅಮ್ಮ ಮರುಮಾತಾಡಲಿಲ್ಲ. ಹೊಸ ಸೀರೆ ಉಟ್ಟು ಬಂದು, ಕೂತು, ಬಾಗಿಲು ಹಾಕಿಸಿಕೊಂಡು, ಕಿಟಕಿಯಿಂದ ಬೀದಿ ನೋಡಿದಳು. ಎಂಟು ತಿಂಗಳಾಗಿತ್ತು.

ಆಮೇಲೆ ಕಾಲು ಹೊರಗಿಟ್ಟಳು. ಏಳಲು ಹೋದಳು. ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ನೆಲ ನೋಡುತ್ತ ಕೂತುಬಿಟ್ಟಳು. ಸೇಲ್ಸ್‌ಮನ್ ಪಾಪ, ಒಳ್ಳೆಯ ಮನಸ್ಸಿನಿಂದಲೇ ಎತ್ತಲು ಕೈ ಚಾಚಿದರು. ಹೆಂಡತಿ ಅಡ್ಡ ನಿಂತಳು.

“ಯಾರೂ ಮುಟ್ಬೇಡಿ.” ನನ್ನ ಕಡೆ ತಿರುಗಿದಳು. “ಕುರ್ಚಿಲಿ ಎಷ್ಟಿತ್ತು?”

“ಐದು.”

ಬೈಯಬಹುದಿತ್ತು. ಬೈಯಲಿಲ್ಲ. “ಹೋಗಿ, ಎಲ್ಲಾನೂ ತನ್ನಿ” ಎಂದಳಷ್ಟೆ.

ಮಂಚದ ಕೆಳಗಿನವನ್ನೂ ಸೇರಿಸಿ ತಂದೆ. ಅವಳು ಬಾಗಿಲ ಪಕ್ಕ ಮಂಡಿಯೂರಿ ಕೂತಳು. “ಅತ್ತೆ, ಸ್ವಲ್ಪ ಎಡಕ್ಕೆ ವಾಲಿ.” ಬಲಗಡೆ ಒಂದು ಪ್ರತಿ ಒಳಗೆ ಸರಿಯಿತು. “ಈಗ ಬಲಕ್ಕೆ.” ಎಡಗಡೆ ಇನ್ನೊಂದು. ಹಾಗೆ ಒಂದೊಂದೇ, ಅವಸರವಿಲ್ಲದೆ. ಒಂದೊಂದು ಪ್ರತಿಗೂ ಅಮ್ಮ ಇಷ್ಟಿಷ್ಟೇ ಮೇಲೆ ಬಂದಳು. ಎರಡು ಸಲ ಸೋತ ಮಂಡಿಗೆ ಒಂದು ಜೊತೆ ಸಾಕಾಗಲಿಲ್ಲ; ನಾಲ್ಕು ಜೊತೆ ಒಳಗೆ ಹೋದಮೇಲೆ ತಾನಾಗಿಯೇ ಎದ್ದು ನಿಂತಳು. ಯಾರೂ ಮುಟ್ಟಿರಲಿಲ್ಲ.

ಸೆರಗು ಸರಿಮಾಡಿಕೊಂಡು ಸೊಸೆಗೆ ಹೇಳಿದಳು: “ನಾಳೆ ಆ ಇನ್ನೊಂದನ್ನ ತರಿಸು.”

ನಾನು ಹೆದರಿದ್ದು ಆ ‘ನಾಳೆ’ ಬರುವುದಿಲ್ಲವೆಂದೇ. ನನ್ನ ತಪ್ಪಿಗೆ ಅಮ್ಮ ಇನ್ನೊಂದು ಎಂಟು ತಿಂಗಳು ಒಳಗೆ ಕೂತುಬಿಡುತ್ತಾಳೆ ಎಂದುಕೊಂಡಿದ್ದೆ.

೭

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಶುಕ್ರವಾರ ದೊಡ್ಡಣ್ಣ ಬರುತ್ತಾನೆ. ಅಮ್ಮ ಹತ್ತಲಾರದೆ ನಗುತ್ತಾಳೆ. (ಅಮ್ಮ: “ಅಷ್ಟೆತ್ತರದ್ದನ್ನ ಯಾರು ತರಿಸ್ತಾರೆ? ನಿನ್ನ ಹೆಂಡತಿಗೆ ಅಷ್ಟೂ ತಿಳಿಯಲ್ವಾ?” ರದ್ದು.)

ಆ) ಡಬ್ಬಿ ಬರುತ್ತದೆ. ಅಮ್ಮ ಕೂತು, ಎದ್ದು, ಮತ್ತೆ ಕೂತು, ಮತ್ತೆ ಎದ್ದು, ಒಟ್ಟು ಏಳು ಸಲ ಹಾಗೆ ಮಾಡುತ್ತಾಳೆ. ಹೆಂಡತಿ ಟಿಕ್ ಹಾಕುತ್ತಾಳೆ. ಇದು ನಡೆದದ್ದು. ಇಲ್ಲಿಗೆ ಮುಗಿಸಿದರೆ ಕಥೆ ಅಂದವಾಗಿರುತ್ತಿತ್ತು.

ಇ) ಆದರೆ ನಾನೀಗ ಕೂತು ಬರೆಯುತ್ತಿರುವುದು ಚಿಕ್ಕಮ್ಮನ ಮನೆಯ ಮೆಟ್ಟಿಲ ಮೇಲೆ. ಎದುರಿಗೆ ಡಬ್ಬಿ ನಿಂತಿದೆ. ಬಂದು ಮುಕ್ಕಾಲು ಗಂಟೆಯಾಯಿತು, ಅಮ್ಮ ಇನ್ನೂ ಇಳಿದಿಲ್ಲ. ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದವಳು, ಒಳಗೆ ಬಾ ಎನ್ನದೆ, ತಾನೇ ಹತ್ತಿ ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡಳು. ಅಮ್ಮನ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಹಿಡಿದಿದ್ದಾಳೆ.

ಗಾಜು ಮುಚ್ಚಿದೆ, ಏನು ಮಾತಾಡುತ್ತಿದ್ದಾರೋ ಕೇಳಿಸುವುದಿಲ್ಲ. ಒಳ್ಳೆಯ ಸಂಭಾಷಣೆ ಕೈತಪ್ಪಿ ಹೋಗುತ್ತಿದೆಯೆಂದು ಎದ್ದೆ, ಇಳಿಯಲು ಹೇಳಿಬರುತ್ತೇನೆ ಎಂದೆ. ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿದಳು.

“ಬಿಡಿ. ಬೇಕಾದಾಗ ಅವರೇ ಇಳೀತಾರೆ.”

ಅಮ್ಮ ಇಳಿಯದೆ ಈ ಕಥೆ ಮುಗಿಯುವಂತಿಲ್ಲ. ಇಳಿಯುವ ಲಕ್ಷಣವೂ ಕಾಣುತ್ತಿಲ್ಲ. ಈಗ ತಾನೇ ಸೀಟನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿಕೊಂಡಳು