ಬ್ಯಾರನ್ ಬೀಗಿತ್ತಿ

ಬೆಳಿಗ್ಗೆ ಐದು ಐವತ್ತು. ಹುಣಸೂರಿನ ಕಲ್ಯಾಣ ಮಂಟಪವೊಂದರ ಮಹಡಿಯಲ್ಲಿ, ಊಟದ ಮೇಜುಗಳನ್ನು ಗೋಡೆಗೆ ಒತ್ತರಿಸಿ ಮಾಡಿದ ಜಾಗದಲ್ಲಿ ಹನ್ನೊಂದು ಹೆಂಗಸರು ನಿಂತಿದ್ದರು. ಹನ್ನೆರಡನೆಯವಳಾಗಿ ಬಂದ ಸುನಂದಮ್ಮ ಕೊನೆಯ ಸಾಲಿನಲ್ಲಿ, ಕೈ ತೊಳೆಯುವ ನಲ್ಲಿಗಳ ಹತ್ತಿರ ನಿಂತಳು. ಆಕೆಗೆ ನಲವತ್ತೆರಡು ವರ್ಷ, ತೂಕ ತೊಂಬತ್ತಾರು ಕೆ.ಜಿ. ಅದು ೨೦೦೫ರ ಜುಲೈ ಹದಿನೆಂಟು, ಸೋಮವಾರ.

ಉಳಿದವರೆಲ್ಲ ಪೇಟೆಯವರು. ಬ್ಯಾಂಕಿನವರ ಹೆಂಡತಿ, ಇಬ್ಬರು ನರ್ಸುಗಳು, ಕಾಲೇಜಿನ ಲೆಕ್ಚರರ್ ಒಬ್ಬಳು. ಎಲ್ಲರೂ ಚೂಡಿದಾರ ಹಾಕಿ, ವೇಲನ್ನು ಸೊಂಟಕ್ಕೆ ಬಿಗಿದಿದ್ದರು. ಸುನಂದಮ್ಮ ನಾಟಿಗೆ ಹೋಗುವವಳ ಹಾಗೆ ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿದ್ದಳು. ಹಾಲಿನ ಆಟೋದಲ್ಲಿ ಕ್ಯಾನುಗಳ ನಡುವೆ ಕುಳಿತು ವೀರನಹೊಸಹಳ್ಳಿ ರಸ್ತೆಯ ತನ್ನ ಊರಿಂದ ಬಂದಿದ್ದಳು.

ಕಲಿಸುವವಳು ರಾಣಿ. ಖಾಸಗಿ ಶಾಲೆಯೊಂದರ ಪಿ.ಟಿ. ಟೀಚರ್; ಮೈಸೂರಿನಲ್ಲಿ ಆರು ತಿಂಗಳು ಡ್ಯಾನ್ಸ್ ಏರೋಬಿಕ್ಸ್ ಕಲಿತು ಬಂದಿದ್ದಳು. ಟೇಪ್ ರೆಕಾರ್ಡರ್ ಒತ್ತಿ, ಹಾಡಿನ ಮೇಲೆ ತನ್ನ ದನಿ ಏರಿಸಿ ಒಂದರಿಂದ ಎಂಟರವರೆಗೆ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದಳು. ಸುನಂದಮ್ಮ ಎಡಕ್ಕೆ ಹೆಜ್ಜೆ ಹಾಕಿದಾಗ ಎಲ್ಲರೂ ಬಲಕ್ಕಿದ್ದರು. ಏಳನೇ ನಿಮಿಷಕ್ಕೆ ಅವಳ ಉಸಿರು ಕಟ್ಟಿತು. ಮೇಜಿನ ಅಂಚು ಹಿಡಿದು ಕುಸಿದು ಕುಳಿತಳು.

"ನೆಲ ಅಲ್ಲಾಡ್ತಿತ್ತು, ಈಗ ನಿಲ್ತು ನೋಡ್ರೀ," ಎಂದಳು ಬ್ಯಾಂಕಿನವರ ಹೆಂಡತಿ, ಪಕ್ಕದವಳಿಗೆ.

ಸುನಂದಮ್ಮ ಆ ಮುಖವನ್ನು ಒಮ್ಮೆ ನೋಡಿ ಬಿಟ್ಟಳು. ಅವಳು ಸಿಟ್ಟು ಕಟ್ಟಿಕೊಂಡು ಬಂದಿದ್ದಳು ನಿಜ. ಆದರೆ ಅದನ್ನು ಇಲ್ಲಿ ಖರ್ಚು ಮಾಡುವ ಯೋಚನೆ ಇರಲಿಲ್ಲ.

ಕ್ಲಾಸು ಮುಗಿದ ಮೇಲೆ ರಾಣಿ ನೋಟ್‌ಬುಕ್ ಹಿಡಿದು ಬಂದಳು. "ಎಷ್ಟು ಕೆ.ಜಿ. ಇಳಿಸ್ಬೇಕು ಅಂತಿದೀರ, ಆಂಟಿ?"

"ಕೆ.ಜಿ. ಬ್ಯಾಡ ಕಣವ್ವ. ಉಸ್ರು ಬೇಕು."

"ಅಂದ್ರೆ?"

"ಕಾಲು ಗಂಟೆ ಸುತ್ತು ಹಾಕ್ಕಂಡು ಹಾಡ್ಬೇಕು. ನಡುವೆ ನಿಲ್ಲಬಾರ್ದು, ಕೂರಬಾರ್ದು. ಅಕ್ಟೋಬರ್‌ಗೆ ಆಯ್ತದಾ?"

ರಾಣಿ ನಗಲು ಬಾಯಿ ತೆರೆದವಳು ಎದುರಿನ ಮುಖ ನೋಡಿ ಪುಸ್ತಕ ಮುಚ್ಚಿದಳು. "ಹಾಗಾದ್ರೆ ನಾಳೆಯಿಂದ ಎಣಿಸೋದು ನಿಮ್ಮ ಕೆಲ್ಸ," ಎಂದಳು. "ಕುಣೀತಾ ಜೋರಾಗಿ ಎಣಿಸ್ಬೇಕು. ದನಿ ಬಿದ್ರೆ ಎಲ್ರೂ ಮೊದಲಿಂದ ಶುರು ಮಾಡ್ತಾರೆ. ಆಗ ಅವ್ರೇ ನಿಮ್ಮನ್ನ ಬಯ್ತಾರೆ."

"ಬಯ್ಲಿ," ಎಂದಳು ಸುನಂದಮ್ಮ.

ಅವಳಿಗೆ ಉಸಿರು ಬೇಕಾದದ್ದಕ್ಕೆ ಕಾರಣ ಹಿಂದಿನ ವರ್ಷದ ಮೇ ತಿಂಗಳಲ್ಲಿತ್ತು. ಮಗಳು ಮಧುಶ್ರೀಯನ್ನು ಕೆ.ಆರ್. ನಗರದ ಪಕ್ಕದ ನಾಲೆ ಬಯಲಿನ ಊರಿಗೆ ಕೊಟ್ಟಿದ್ದರು. ಭತ್ತ ಬೆಳೆಯುವ, ವರ್ಷಕ್ಕೆ ಎರಡು ಫಸಲು ಕಾಣುವ ಮನೆ. ಅವರ ಕಣ್ಣಿಗೆ ಹುಣಸೂರಿನ ಕಡೆಯವರೆಂದರೆ ಮಳೆ ನೋಡಿಕೊಂಡು ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಮಹಡಿಯೆತ್ತರದ ದಪ್ಪ ಗೋಡೆಯ ಕಟ್ಟಡದಲ್ಲಿ ಬೇಯಿಸಿ, ಸೊಪ್ಪಿನ ವಾಸನೆ ಹೊತ್ತು ತಿರುಗುವವರು.

ಮದುವೆಯ ಊಟ ಮುಗಿದ ಮೇಲೆ ಬೀಗಿತ್ತಿಯರ ಸುತ್ತು ನಡೆಯಿತು. ಎರಡೂ ಮನೆಯಲ್ಲಿ ಅಜ್ಜಿಯರ ಕಾಲದಿಂದ ಇದ್ದ ಪದ್ಧತಿ ಅದು. ನಡುವೆ ಆರತಿ ತಟ್ಟೆ ಇಟ್ಟು, ಗಂಡಿನ ತಾಯಿ, ಹೆಣ್ಣಿನ ತಾಯಿ ಚಪ್ಪಾಳೆ ತಟ್ಟುತ್ತ ಅದರ ಸುತ್ತ ಹೆಜ್ಜೆ ಹಾಕಬೇಕು. ಒಬ್ಬಳು ಜರಿದು ಒಂದು ಪದ ಹಾಡಿದರೆ, ಸುತ್ತು ಮುಗಿಯುವುದರೊಳಗೆ ಇನ್ನೊಬ್ಬಳು ಉತ್ತರ ಕಟ್ಟಬೇಕು. ಅಲ್ಲಿ ಆಡಿದ ಮಾತಿಗೆ ಯಾರೂ ಮುನಿಸಿಕೊಳ್ಳುವಂತಿಲ್ಲ. ಆದರೆ ಉತ್ತರ ಸಿಗದ ಮಾತು ಉಳಿದುಬಿಡುತ್ತದೆ. ಕೂತವಳು ಸೋತ ಹಾಗೆ.

ಗಂಡಿನ ತಾಯಿ ಸುಂದ್ರಮ್ಮ ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಸೆರಗು ಸಿಕ್ಕಿಸಿ, ಮಂಟಪದ ಬಾಗಿಲ ಕಡೆ ಕೈ ತೋರಿಸಿ ಹಾಡಿದ್ದಳು:

ಹುಣಸೂರು ಸೀಮೆಯಿಂದ ಬಂದ್ಲಲ್ಲೋ ಬೀಗಿತ್ತಿ,
ಹೊಗೆಸೊಪ್ಪಿನ ಬ್ಯಾರನ್ನೇ ನಡ್ಕೊಂಡು ಬಂದಂಗೈತೆ,
ಬಾಗ್ಲನ್ನ ಅಗ್ಲ ಮಾಡ್ಸೀ.

ಇನ್ನೂರೈವತ್ತು ಜನ ನಕ್ಕರು. ಸುನಂದಮ್ಮನಿಗೆ ಉತ್ತರ ಬಂದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ತವರು ಹಂಪಾಪುರದಲ್ಲಿ ಹುಡುಗಿಯಾಗಿದ್ದಾಗ ಸೋಬಾನೆಯಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ಆದರೆ ಮೂರನೇ ಸುತ್ತಿನಲ್ಲಿದ್ದ ಅವಳಿಗೆ ಮಾತು ಹೊರಡಿಸಲು ಎದೆಯಲ್ಲಿ ಗಾಳಿ ಇರಲಿಲ್ಲ. ಬಾಯಿ ತೆರೆದಳು, ಕೆಮ್ಮು ಬಂತು. ಯಾರೋ ಕುರ್ಚಿ ತಂದಿಟ್ಟರು. ಕೂತುಬಿಟ್ಟಳು. ಗಂಡ ದೇವರಾಜು ಕೂಡ ಗಂಡಸರ ಗುಂಪಿನಲ್ಲಿ ನಗುತ್ತಿದ್ದುದನ್ನು ಆ ಕುರ್ಚಿಯಿಂದಲೇ ಕಂಡಳು.

ಅಂದಿನಿಂದ ಆ ಊರಿನಲ್ಲಿ ಅವಳು ಬ್ಯಾರನ್ ಬೀಗಿತ್ತಿ. ಅವಳಿಗೇನೋ ವರ್ಷಕ್ಕೊಮ್ಮೆ ಕೇಳುವ ಮಾತು. ಮಧುಶ್ರೀಗೆ ದಿನವೂ ಕೇಳುವ ಮಾತು. ನೀರು ಹಿಡಿಯಲು ಹೋದರೂ, ರೊಟ್ಟಿ ದಪ್ಪವಾದರೂ ಅವಳು ಬ್ಯಾರನ್ ಮಗಳು. ಜುಲೈಯಲ್ಲಿ ಮಗಳಿಗೆ ಮೂರು ತಿಂಗಳೆಂಬ ಸುದ್ದಿ ಬಂದಾಗ ಸುನಂದಮ್ಮ ಮೊದಲು ಬೆರಳು ಮಡಚಿ ಏಳನೇ ತಿಂಗಳನ್ನು ಎಣಿಸಿದಳು. ಸೀಮಂತಕ್ಕೆ ಮಡಿಲು ತುಂಬಲು ಅವಳು ಆ ಮನೆಗೆ ಹೋಗಬೇಕು. ಬೀಗಿತ್ತಿಯರ ಸುತ್ತು ಮತ್ತೆ ನಡೆಯುತ್ತದೆ.

"ಈ ವಯಸ್ನಾಗೆ ಕುಣಿಯಾಕೆ ಓಯ್ತೀಯಾ? ಊರೋರು ಏನಂದಾರು?" ಎಂದ ದೇವರಾಜು.

"ಮಂಟಪದಲ್ಲಿ ನಕ್ಕಂಗೇ ನಗಿ," ಎಂದಳು. "ನಿಮಗೆ ಅಭ್ಯಾಸ ಐತಲ್ಲ."

ಅಂದಿನಿಂದ ಅವನು, ಆಟೋ ತಪ್ಪಿದ ದಿನ ತಾನೇ ಮೊಪೆಡ್ಡಿನಲ್ಲಿ ಬಿಟ್ಟು ಬರುತ್ತಿದ್ದ.

ಎಣಿಸುವ ಕೆಲಸ ಮೊದಲ ದಿನವೇ ಎಡವಟ್ಟಾಯಿತು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಲಾಭದಿಂದ ಶುರು ಮಾಡಿ ಎಣಿಸಿ ರೂಢಿಯಾದ ಬಾಯಿ; ಒಂದು ಎನ್ನುವ ಬದಲು "ಲಾಭ" ಎಂದಿತು. "ಲಾಭ, ಎರ್ಡು, ಮೂರು, ನಾಕು." ಪೇಟೆಯ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಸುನಂದಮ್ಮ ತಿದ್ದಿಕೊಳ್ಳಲಿಲ್ಲ. ಮೊದಲ ವಾರ ಹತ್ತು ನಿಮಿಷಕ್ಕೆ ದನಿ ಬಿತ್ತು, ಎಲ್ಲರೂ ಮೊದಲಿಂದ ಶುರು ಮಾಡಿ ಅವಳನ್ನು ಬಯ್ದರು. ಆಗಸ್ಟಿನ ಕೊನೆಗೆ ಇಪ್ಪತ್ತು ನಿಮಿಷವಾದರೂ ದನಿ ಬೀಳಲಿಲ್ಲ. ಬ್ಯಾಂಕಿನವರ ಹೆಂಡತಿ ಹದಿನೈದಕ್ಕೇ ಗೋಡೆಗೊರಗುತ್ತಿದ್ದಳು. ಅಷ್ಟೊತ್ತಿಗೆ ಹನ್ನೆರಡು ಜನರೂ ಲಾಭವೆಂದೇ ಎಣಿಸುತ್ತಿದ್ದರು. ತೂಕ ಇಳಿದದ್ದು ನಾಲ್ಕು ಕೆ.ಜಿ. ಮಾತ್ರ. ರಾಣಿಗೆ ಬೇಸರವಾಯಿತು, ಸುನಂದಮ್ಮ ಆ ಅಂಕಿಯನ್ನು ಕೇಳಿಸಿಕೊಳ್ಳಲೂ ಇಲ್ಲ.

ಎಡ ಎರಡು, ಬಲ ಎರಡು, ಕೈ ಮೇಲೆ ಎನ್ನುವಾಗ ಅವಳ ಕಣ್ಣೆದುರು ಸುಂದ್ರಮ್ಮನ ಮುಖವೇ ಇರುತ್ತಿತ್ತು. ಮಧ್ಯಾಹ್ನ ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟುವಾಗ ಆಳು ಕುಳ್ಳಮ್ಮನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು.

"ನೀನೇ ಸುಂದ್ರಮ್ಮ. ಬಯ್ಯಿ ನನ್ನ."

"ಅಕ್ಕಾರೆ, ನಿಮ್ಮ ಮನೇಲಿ ಉಂಡು ನಿಮ್ಮನ್ನೇ ಎಂಗೆ ಬಯ್ಯಲಿ?"

"ಚೆಂದಾಗಿ ಬಯ್ದ್ರೆ ನಾಳೆ ಕೋಳಿ ಸಾರು."

ಕುಳ್ಳಮ್ಮ ಕೋಳಿ ಸಾರಿಗೆ ತಕ್ಕ ಹಾಗೆಯೇ ಬಯ್ದಳು. ಇಬ್ಬರೂ ಸೊಪ್ಪಿನ ರಾಶಿಯ ಸುತ್ತ ತಿರುಗಿ ಪದಕ್ಕೆ ಪದ ಕಟ್ಟಿದರು. ಸೆಪ್ಟೆಂಬರ್ ಬರುವಾಗ ಸುನಂದಮ್ಮನ ಬಳಿ ಹದಿನೆಂಟು ಉತ್ತರಗಳಿದ್ದವು. ಒಂದೂ ಅವಳಿಗೆ ಸಾಕೆನಿಸಲಿಲ್ಲ. ನಗಿಸುವ ಪದಗಳು ಅವು. ಕೂರಿಸುವ ಪದ ಬೇಕಿತ್ತು.

ಅದು ಗೌರಿ ಹಬ್ಬಕ್ಕೆ ಸಿಕ್ಕಿತು. ಬಾಗಿನಕ್ಕೆಂದು ಬಂದ ಮಧುಶ್ರೀ ಒಲೆಯ ಮುಂದೆ ಕೂತು ಎರಡು ಲೋಟ ಹಾಲು ಒಂದೇ ಉಸಿರಿಗೆ ಕುಡಿದಳು. ಸುನಂದಮ್ಮ ಮೂರನೆಯದು ತುಂಬುತ್ತ ಕೇಳಿದಳು, "ಅಲ್ಲಿ ಕುಡಿಯಲ್ವಾ? ನಾಲ್ಕು ಹಸ ಅವೆಯಲ್ಲ?"

"ಹಾಲೆಲ್ಲ ಡೈರಿಗೆ ಕಣಮ್ಮ. ಅತ್ತೆ ನಂಗೆ ಕರಿ ಕಾಫಿ ಕೊಡ್ತಾರೆ. ಹಾಲು ಕುಡಿದ್ರೆ ಮಗ ದಪ್ಪ ಆಗಿ ಹೆರಿಗೆ ಕಷ್ಟ ಆಯ್ತದೆ, ನಿಮ್ಮಮ್ಮನಂಗೆ ಆಯ್ತೀಯ ಅಂತಾರೆ." ಆಮೇಲೆ ತಾಯಿಯ ಕೈ ಹಿಡಿದಳು. "ಯಾರಿಗೂ ಹೇಳ್ಬೇಡ. ಅಪ್ಪಂಗೂ."

"ನಾನ್ಯಾಕೆ ಹೇಳ್ಲಿ," ಎಂದಳು ಸುನಂದಮ್ಮ.

ಮಗಳು ಹೋದ ಮಾರನೇ ದಿನ ಸೊಪ್ಪಿನ ರಾಶಿಯ ಸುತ್ತ ಹತ್ತೊಂಬತ್ತನೇ ಪದ ಹಾಡಿದಳು. ಕುಳ್ಳಮ್ಮ ಚಪ್ಪಾಳೆ ನಿಲ್ಲಿಸಿದಳು.

"ಅದು ಬ್ಯಾಡ ಕಣ್ರವ್ವ. ಅದು ನಿಮ್ಮ ಮಗಿ ಬಾಯಿಂದ ಬಂದಿದ್ದು ಅಂತ ಕೇಳ್ದೋರ್ಗೆಲ್ಲ ಗೊತ್ತಾಯ್ತದೆ."

"ಬೇಕಾದ್ರೆ ಹಾಡ್ತೀನಿ. ಇಲ್ದಿದ್ರೆ ಇಲ್ಲ."

"ನೀವು ಹಾಡ್ತೀರಿ ಬುಡಿ," ಎಂದು ಕುಳ್ಳಮ್ಮ ಮತ್ತೆ ಸೊಪ್ಪು ಕಟ್ಟಲು ಕೂತಳು.

ಅಕ್ಟೋಬರ್ ಇಪ್ಪತ್ತಮೂರು, ಭಾನುವಾರ. ಎರಡು ಜೀಪಿನಲ್ಲಿ ಹೆಣ್ಣಿನ ಕಡೆಯವರು ಹೊರಟರು. ಸುಂದ್ರಮ್ಮನ ಮನೆಯ ಮುಂದೆ ಚಪ್ಪರ ಹಾಕಿ, ನೂರೈವತ್ತು ಜನಕ್ಕೆ ಅಡುಗೆ ಮಾಡಿಸಿದ್ದರು. ಮಧುಶ್ರೀ ಹಸಿರು ಸೀರೆಯುಟ್ಟು, ಕೈ ತುಂಬ ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಮಡಿಲು ತುಂಬಿದ್ದಾಯಿತು, ಊಟವಾಯಿತು. ಎಲೆಯಡಿಕೆ ಹಾಕಿಕೊಂಡ ಸುಂದ್ರಮ್ಮ ತಾನೇ ಆರತಿ ತಟ್ಟೆ ತಂದು ನಡುವೆ ಇಟ್ಟಳು.

"ಬನ್ನಿ ಬೀಗಿತ್ತಮ್ಮ. ಕುರ್ಚಿ ಮೊದ್ಲೇ ಆಕ್ಸಿದ್ದೀನಿ, ನಿಮ್ಗೇ ಅಂತ."

ಜನ ನಕ್ಕರು. ಸುನಂದಮ್ಮ ಸೆರಗು ಸಿಕ್ಕಿಸಿದಳು. "ಇರ್ಲಿ. ಯಾರಿಗಾದ್ರೂ ಬೇಕಾಯ್ತದೆ."

ಸುಂದ್ರಮ್ಮ ಹಳೆಯದನ್ನೇ ಹಾಡಿದಳು, ಬ್ಯಾರನ್ನು, ಬಾಗಿಲು. ಪದ ಮುಗಿಯುವ ಮೊದಲೇ ಉತ್ತರ ಬಂತು:

ನಾಲೆ ನೀರಾಗೆ ನೆಂದ್ರೂ ಚಿಗುರ್ನಿಲ್ಲ ಬೀಗಿತ್ತಿ,
ಒಣಗಿದ ತೊಗರಿ ಕಡ್ಡಿ ಸೀರೆ ಸುತ್ಕಂಡು ನಿಂತೈತೆ,
ಗಾಳಿ ಬಂದಾತು, ಇಡ್ಕಳ್ಳಿ.

ಈ ಸಲದ ನಗು ಸುಂದ್ರಮ್ಮನ ಕಡೆಯ ಹೆಂಗಸರಿಂದಲೇ ಹೆಚ್ಚು ಬಂತು. ಅವಳು ವೇಗ ಹೆಚ್ಚಿಸಿದಳು. ಹೋದ ಸಲ ಗೆದ್ದದ್ದು ಹಾಗೆಯೇ. ಸುನಂದಮ್ಮ ಆ ವೇಗಕ್ಕೆ ಇನ್ನಷ್ಟು ಸೇರಿಸಿದಳು. ಎಂಟನೇ ಸುತ್ತಿಗೆ ಸುಂದ್ರಮ್ಮನ ಪದಗಳು ಗಿಡ್ಡವಾದವು. ಹನ್ನೆರಡನೆಯದಕ್ಕೆ ಹಳೆಯ ಪದವನ್ನೇ ಎರಡನೇ ಸಲ ಹಾಡಿದಳು. ಹುಡುಗಿಯರು ಅದನ್ನು ಹಿಡಿದು "ಆಗ್ಲೇ ಆಯ್ತದು, ಹೊಸದು ಹಾಡಿ" ಎಂದು ಕೂಗಿದರು. ಹದಿನೈದನೇ ಸುತ್ತಿನಲ್ಲಿ ಅವಳ ಕೈ ಚಪ್ಪರದ ಕಂಬ ಹುಡುಕಿತು. ಸುನಂದಮ್ಮನ ದನಿ ಮೊದಲ ಸುತ್ತಿನಲ್ಲಿದ್ದ ಹಾಗೆಯೇ ಇತ್ತು.

ಗೆಲುವು ಆಗಲೇ ಆಗಿತ್ತು. ಇನ್ನೆರಡು ಸುತ್ತು ಸುಮ್ಮನೆ ತಿರುಗಿದ್ದರೆ ಸುಂದ್ರಮ್ಮ ತಾನಾಗಿ ಕೂರುತ್ತಿದ್ದಳು. ಮಣೆಯ ಮೇಲಿನ ಮಧುಶ್ರೀ ತಾಯಿಯನ್ನೇ ನೋಡಿ ನಗುತ್ತಿದ್ದಳು; ಹದಿನೇಳು ತಿಂಗಳಲ್ಲಿ ಆ ಮನೆಯ ಅಂಗಳದಲ್ಲಿ ಅವಳು ಅಷ್ಟು ನಕ್ಕಿರಲಿಲ್ಲ. ಸುನಂದಮ್ಮ ಅದನ್ನು ನೋಡಿದಳು. ನೋಡಿಯೇ ಹಾಡಿದಳು:

ನಾಲ್ಕು ಹಸಿನ ಹಾಲು ಡೈರಿಗೆ ಓಗ್ತೈತೆ,
ಬಸುರಿ ಸೊಸೆ ಲೋಟಕ್ಕೆ ಕರಿ ಕಾಫಿ ಬೀಳ್ತೈತೆ,
ಇನ್ಯಾರ್ಗೆ ಕೂಡಿಟ್ಟೆ, ಬೀಗಿತ್ತಿ.

ಯಾರೂ ನಗಲಿಲ್ಲ. ಸುಂದ್ರಮ್ಮ ಸೊಸೆಯ ಕಡೆ ತಿರುಗಿದಳು. ಮಧುಶ್ರೀ ತಲೆ ತಗ್ಗಿಸಿ ಬಳೆಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತಿದ್ದಳು. ಸುಂದ್ರಮ್ಮ ಕುರ್ಚಿಯಲ್ಲಿ ಕೂತಳು. ಎದುರಾಳಿ ಕೂತ ಮೇಲೆ ಸುತ್ತು ನಿಲ್ಲಿಸಿ ತಟ್ಟೆ ಎತ್ತುವುದು ಕ್ರಮ. ಸುನಂದಮ್ಮ ನಿಲ್ಲಿಸಲಿಲ್ಲ. ಚಪ್ಪಾಳೆ ತಟ್ಟುತ್ತ ಆ ಕುರ್ಚಿಯನ್ನೂ ಸೇರಿಸಿಕೊಂಡು ಇನ್ನೊಂದು ಪೂರ್ತಿ ಸುತ್ತು ಹಾಕಿದಳು. ಅಂಗಳದಲ್ಲಿ ಅವಳ ಚಪ್ಪಾಳೆಯೊಂದೇ ಕೇಳುತ್ತಿತ್ತು. ಹದಿನೇಳು ತಿಂಗಳಿಂದ ಎದೆಯಲ್ಲಿದ್ದುದು ಇಳಿದು ಅವಳಿಗೆ ಹಸಿವಾದಂತಾಯಿತು.

ಹೆರಿಗೆಗೆ ಮಗಳನ್ನು ಕರೆದುಕೊಂಡು ಜೀಪು ಹೊರಟಿತು. ಗಂಡನ ಮನೆಯವರು ರಸ್ತೆಯವರೆಗೆ ಬರಲಿಲ್ಲ. ನಾಲೆಯ ಸೇತುವೆ ದಾಟಿದ ಮೇಲೆ ಮಧುಶ್ರೀ ಮಾತಾಡಿದಳು.

"ನಿಂಗೊಬ್ಳಿಗೆ ಹೇಳಿದ್ದು ಕಣಮ್ಮ ನಾನು."

"ಸುಳ್ಳು ಹೇಳಿದ್ನಾ?"

"ಇಲ್ಲ."

"ಇನ್ಮೇಲೆ ಬ್ಯಾರನ್ ಮಗಳು ಅಂತ ಒಬ್ರು ಅನ್ಲಿ ನೋಡಾನ."

"ಅನ್ನಲ್ಲ," ಎಂದಳು ಮಧುಶ್ರೀ. "ಏನೂ ಅನ್ನಲ್ಲ. ಮಗು ಎತ್ಕೊಂಡು ನಾನು ಅದೇ ಮನೆಗೆ ಹೋಗ್ಬೇಕು. ನೀನು ಬರಲ್ಲ."

ಮುಂದಿನ ಸೀಟಿನ ದೇವರಾಜು ತಿರುಗಿ ನೋಡಲಿಲ್ಲ. ಸುನಂದಮ್ಮ ಮಗಳ ಬೆನ್ನ ಹಿಂದೆ ದಿಂಬು ಸರಿಪಡಿಸಲು ಹೋದಳು. ಮಧುಶ್ರೀ ದಿಂಬನ್ನು ತಾನೇ ತೆಗೆದುಕೊಂಡು ಸರಿಪಡಿಸಿಕೊಂಡಳು.

ಜನವರಿ ಒಂಬತ್ತಕ್ಕೆ ಗಂಡು ಮಗು ಹುಟ್ಟಿತು. ಫೆಬ್ರವರಿಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ಕೆ.ಆರ್. ನಗರದಿಂದ ಒಂದು ವ್ಯಾನಿನಲ್ಲಿ ಒಂಬತ್ತು ಜನ ಬಂದರು, ಸುಂದ್ರಮ್ಮ ಬರಲಿಲ್ಲ. ಮಗುವಿನ ಇಬ್ಬರು ಅಜ್ಜಿಯರು ತೊಟ್ಟಿಲ ಎರಡು ಬದಿ ನಿಂತು ಸಾಲಿಗೆ ಸಾಲು ಜೋಗುಳ ಹಾಡುವುದು ವಾಡಿಕೆ. ಅಪ್ಪನ ಕಡೆಯ ಸಾಲು ಹಾಡಲು ಬಂದವರಲ್ಲಿ ಯಾರೂ ಮುಂದಾಗಲಿಲ್ಲ. ಸುನಂದಮ್ಮ ಒಂದು ಸಾಲು ಹಾಡಿ ಕಾದಳು. ಆಮೇಲೆ ತೊಟ್ಟಿಲ ಆ ಬದಿಗೆ ಹೋಗಿ ಆ ಸಾಲನ್ನೂ ತಾನೇ ಹಾಡಿದಳು.