ಕಿಟಕಿ ಪಕ್ಕದ ಮೇಜು

ಚಿಮಟದ ತುದಿಯಿಂದ ಸ್ಕ್ರೂ ಹಾರಿತು. ಆ ದಿನಕ್ಕೆ ಅದು ಮೂರನೆಯದು. ಅಯಸ್ಕಾಂತ ಹಿಡಿದು ಅವನು ಮೇಜಿನ ಕೆಳಗೆ ಮಂಡಿಯೂರಿದ.

"ಲೆನ್ಸು, ನೀನು ಮೇಜಿನ ಮೇಲೆ ಕೆಲಸ ಮಾಡೋದಕ್ಕಿಂತ ಕೆಳಗೆ ಮಾಡೋದೇ ಜಾಸ್ತಿ ಆಯ್ತಲ್ಲಪ್ಪ," ಎಂದರು ಅಂಗಡಿಯ ಯಜಮಾನರು.

ಹದಿನೆಂಟು ವರ್ಷದಿಂದ ಬಲಗಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡೇ ಇರುವುದರಿಂದ ಅವನಿಗೆ ಆ ಹೆಸರು. ಕಿಟಕಿ ಪಕ್ಕದ ಮೇಜು ಅವನದು. ಕೀಲಿ ಕೊಡುವ ಹಳೆಯ ಕೈಗಡಿಯಾರಗಳು ಅಲ್ಲಿಗೇ ಬರುತ್ತವೆ. ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು ಒಳಗಿನ ಕೌಂಟರಿನ ಕೆಲಸ.

"ಡಾಕ್ಟರ್ ಮಾತ್ರೆ ಬದಲಾಯಿಸ್ತಾರೆ ಅಂದ್ಯಲ್ಲ, ಮೂರು ತಿಂಗಳು ಕಾಯ್ತೀನಿ. ಕೈ ನಡುಕ ನಿಂತರೆ ಮೇಜು ನಿಂದೇ. ಇಲ್ಲಾಂದ್ರೆ ಒಳಗೆ ಸೆಲ್ ಹಾಕ್ಕೊಂಡಿರು. ಬೇಜಾರು ಮಾಡ್ಕೋಬೇಡ."

ಅವನಿಗೆ ಬೇಜಾರಾಗಲಿಲ್ಲ. ಆಗಬೇಕಿತ್ತು ಎಂದು ಗೊತ್ತಿತ್ತು, ಅಷ್ಟೆ.

ಮೂರ್ಛೆರೋಗಕ್ಕೆ ಹದಿನಾರು ವರ್ಷದಿಂದ ಅವನು ವಾಲ್ಪ್ರೊಯೇಟ್ ನುಂಗುತ್ತಿದ್ದ. ಬೆಳಿಗ್ಗೆ ಐನೂರು ಮಿಲಿಗ್ರಾಂ, ಸಂಜೆ ಐನೂರು. ಒಂಬತ್ತು ವರ್ಷದಿಂದ ಒಂದು ಫಿಟ್ಸೂ ಬಂದಿರಲಿಲ್ಲ. ಅಷ್ಟರಲ್ಲಿ ಅರ್ಧ ಕೂದಲು ಹೋಗಿತ್ತು, ಕೈಗೆ ನಡುಕ ಬಂದಿತ್ತು, ಅದರ ಜೊತೆಗೊಂದು ಮಂಕು. ಅಪ್ಪ ತೀರಿಕೊಂಡ ದಿನ ಬಂದವರಿಗೆಲ್ಲ ಕುರ್ಚಿ ಹಾಕಿದ್ದು ಅವನೇ, ಅಳು ಬರಲಿಲ್ಲ. ಮಾತ್ರೆಯಿಂದ ಹಾಗೋ, ಸ್ವಭಾವವೇ ಹಾಗೋ ಹೇಳುವಂತಿರಲಿಲ್ಲ. ಮಾತ್ರೆಗೆ ಮುಂಚೆ ತಾನು ಹೇಗಿದ್ದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಡಾಕ್ಟರಮ್ಮ ಚಾರ್ಟ್ ಬರೆದುಕೊಟ್ಟರು. ಹಳೆಯದು ಎರಡು ವಾರಕ್ಕೊಮ್ಮೆ ಕಾಲುಭಾಗ ಇಳಿಯುತ್ತದೆ, ಹೊಸದು ಏರುತ್ತದೆ, ಎಂಟನೇ ವಾರಕ್ಕೆ ಹಳೆಯದು ಸೊನ್ನೆ.

"ಬದಲಾಯಿಸುವಾಗ ಫಿಟ್ಸ್ ಬರೋ ಸಾಧ್ಯತೆ ಇದೆ. ಸ್ಕೂಟರ್ ಬೇಡ, ಏಣಿ ಬೇಡ, ಬಚ್ಚಲಿಗೆ ಚಿಲಕ ಹಾಕ್ಕೋಬೇಡಿ."

"ಚಿಲಕ ಇದ್ರೆ ತಾನೆ?" ಎಂದಳು ಪಕ್ಕದಲ್ಲಿ ಕೂತಿದ್ದ ಅಕ್ಕ. "ಯಾವತ್ತೋ ಕೀಳಿಸಿ ಹಾಕಿದೀನಿ."

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು, ಲೈಬ್ರರಿಯಲ್ಲಿ ಕೆಲಸ. ಮನೆಯಲ್ಲಿ ಇಬ್ಬರೇ. ಮಾತ್ರೆ ಡಬ್ಬಿ ಮೊದಲಿಂದಲೂ ಅವಳ ವಶದಲ್ಲಿತ್ತು. ಚಾರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ದಿನಾ ಎರಡು ಹೊತ್ತು ಗುರುತು ಹಾಕಿದಳು, ಒಂದೂ ತಪ್ಪಲಿಲ್ಲ.

"ಅಕ್ಕ, ಈ ಕಾಫಿ ಕುಡಿದ್ರೆ ಇರುವೆ ಸಾಲು ನನ್ನ ಹಿಂದೆ ಬರುತ್ತೆ," ಎಂದ ಅವನೊಂದು ಬೆಳಿಗ್ಗೆ.

"ಬರಲಿ ಬಿಡು. ನಿನ್ನ ಹಿಂದೆ ಬರೋಕೆ ಬೇರೆ ಯಾರಿದ್ದಾರೆ? ಕುಡಿ."

ಕುಡಿದ.

ಹನ್ನೊಂದನೇ ವಾರವೂ ಸ್ಕ್ರೂ ಹಾರುತ್ತಿತ್ತು. ಡಾಕ್ಟರಮ್ಮ ಹಾಳೆ ಕೊಟ್ಟು ಸುರುಳಿ ಬರೆಸಿದರು. ಗೆರೆ ಗರಗಸದ ಹಲ್ಲಿನಂತೆ ಬಂತು. ರಕ್ತ ಪರೀಕ್ಷೆಗೆ ಬರೆದರು. ಎರಡು ದಿನ ಬಿಟ್ಟು ಅವನೊಬ್ಬನೇ ರಿಪೋರ್ಟ್ ಹಿಡಿದು ಹೋದ.

"ಹಳೇ ಔಷಧ ಸೊನ್ನೆ ಇರಬೇಕಿತ್ತು. ನಲವತ್ತೆಂಟು ಇದೆ. ಕದ್ದು ತಗೋತಿದೀರಾ?"

"ಇಲ್ಲ."

"ಮತ್ತೆ ಆಕಾಶದಿಂದ ಇಳೀತಾ? ಮನೇಲಿ ಸಿರಪ್ ಏನಾದ್ರೂ ಇದೆಯಾ? ಇದೇ ಔಷಧ ಸಿರಪ್‌ನಲ್ಲೂ ಬರುತ್ತೆ. ಸಿಹಿ ಇರುತ್ತೆ."

ಅವನು ರಿಪೋರ್ಟಿನಿಂದ ತಲೆಯೆತ್ತಿದ. "ಕಾಫಿ," ಎಂದ.

ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಮತ್ತೆ ಮೊದಲಿಂದ ಇಳಿಸಬೇಕು ಎಂದು ಡಾಕ್ಟರಮ್ಮ ಹೊಸ ಚಾರ್ಟ್ ಬರೆದರು. ಇನ್ನೂ ಎಂಟು ವಾರ. ಯಜಮಾನರ ಗಡುವಿಗೆ ಉಳಿದಿದ್ದು ಎಂಟು ದಿನ.

ಸಿರಪ್ ಬಾಟಲಿ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದಿತ್ತು. ಅದನ್ನು ತೆಗೆದು ಊಟದ ಮೇಜಿನ ಮೇಲಿಟ್ಟು ಕೂತ. ಕೆಲಸದಿಂದ ಬಂದ ಅಕ್ಕ ಬಾಟಲಿ ನೋಡಿದಳು. ಚಪ್ಪಲಿ ಬಿಡದೆ ಅಲ್ಲೇ ನಿಂತಳು.

"ಎಷ್ಟು ಹಾಕ್ತಿದ್ದೆ?"

"ಬೆಳಿಗ್ಗೆ ಎರಡು ಚಮಚ. ಸಂಜೆ ಎರಡು."

ಸಿಟ್ಟು ಬರುತ್ತದೇನೋ ಎಂದು ಅವನು ಕಾದ. ಬರಲಿಲ್ಲ.

"ಮೇಜು ಹೋಯ್ತು, ಅಕ್ಕ."

"ಹೋದ್ರೆ ಹೋಗ್ಲಿ! ನೀನು ಬಿದ್ದಾಗ ನೀನು ಅಲ್ಲಿರಲ್ಲ ಕಣೋ. ಎದ್ದು ಏನಾಯ್ತು ಅಂತ ಕೇಳ್ತೀಯ. ಅಲ್ಲಿರೋಳು ನಾನು. ಹನ್ನೊಂದು ಸಲ."

ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ. "ಹೇಗಿರುತ್ತೆ?" ಎಂದ.

"ಮೊದಲು ಒಂದು ಕೂಗು. ನಿನ್ನ ಧ್ವನಿಯೇ ಅಲ್ಲ ಅದು. ಆಮೇಲೆ ಮೈ ಸೆಟೆದುಕೊಳ್ಳುತ್ತೆ, ತುಟಿ ನೀಲಿ. ಆಮೇಲೆ ಅದುರೋದು." ಅವಳು ಕುರ್ಚಿ ಎಳೆದು ಕೂತಳು. "ಕೊನೇ ಸಲ ನಾಲ್ಕು ನಿಮಿಷ. ಗೋಡೆ ಗಡಿಯಾರ ನೋಡ್ತಾನೇ ಇದ್ದೆ."

"ಆ ಗಡಿಯಾರ ಸರಿ ಇರಲಿಲ್ಲ."

"ಮನೇದು ನೀನು ಯಾವತ್ತು ರಿಪೇರಿ ಮಾಡಿದೀಯ?"

ಅವನು ಹೊಸ ಚಾರ್ಟನ್ನು ಅವಳ ಕಡೆ ಸರಿಸಿದ. "ನೀನೇ ಇಳಿಸ್ಬೇಕು. ನನ್ನ ಕಣ್ಣೆದುರಿಗೆ. ಎರಡು ವಾರಕ್ಕೆ ಅರ್ಧ ಚಮಚ."

"ಬಿದ್ರೆ?"

"ನೀನಿರ್ತೀಯಲ್ಲ. ಗಡಿಯಾರ ಸರಿ ಮಾಡಿಕೊಡ್ತೀನಿ. ಸೆಲ್ ಹಾಕೋದು ತಾನೆ, ಅದಿನ್ನೂ ಬರುತ್ತೆ."

ಅವಳು ನಗಲಿಲ್ಲ. ಚಾರ್ಟನ್ನು ಎರಡು ಸಲ ಓದಿ, ಹಳೆಯದನ್ನು ಕಿತ್ತು ಇದನ್ನು ಅಂಟಿಸಿದಳು.

ಎಂಟನೆಯ ದಿನ ಅವನು ಲೆನ್ಸು, ಚಿಮಟಗಳನ್ನು ಒಳಗಿನ ಕೌಂಟರಿಗೆ ಸಾಗಿಸಿದ. ಕಿಟಕಿ ಪಕ್ಕ ಹೊಸಬನೊಬ್ಬ ಕೂತಿದ್ದ. ಯಜಮಾನರು ಬೇರೆಲ್ಲೋ ನೋಡುತ್ತ, "ಕೈ ನಿಂತಮೇಲೆ ಮಾತಾಡೋಣ," ಎಂದರು. ಅವನು ಚೀಲದಿಂದ ಮನೆಯ ಗೋಡೆ ಗಡಿಯಾರ ತೆಗೆದು, ಧೂಳು ಒರೆಸಿ, ಹೊಸ ಸೆಲ್ ಹಾಕಿ, ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು ಸಮಯ ಕೂಡಿಸಿದ.

ಸಂಜೆ ಅಕ್ಕ ಮೊಳೆಗೆ ಗಡಿಯಾರ ನೇತುಹಾಕಿದಳು. ಸ್ಟೂಲ್ ಹತ್ತಲು ಅವನನ್ನು ಬಿಡಲಿಲ್ಲ. ಒಂದೂವರೆ ಚಮಚ ಸಿರಪ್ಪನ್ನು ಬೆಳಕಿಗೆ ಹಿಡಿದು ಅಳೆದು ಕೊಟ್ಟಳು. ಅವನು ನುಂಗಿದ. ಅವಳು ಗುರುತು ಹಾಕಿದಳು. ಆಮೇಲೆ ಕಾಫಿ ತಂದಿಟ್ಟಳು.

ಅವನು ಒಂದು ಗುಟುಕು ಕುಡಿದ. ಬರೀ ಕಹಿ. ಈ ಎಂಟು ದಿನವೂ ಹೀಗೆಯೇ ಇತ್ತು, ಹೇಳಿರಲಿಲ್ಲ. ಸಿರಪ್ಪಿನ ಸಿಹಿ ಇದೆಯೆಂದು ಸಕ್ಕರೆ ಬಿಟ್ಟಿದ್ದ ಅವಳ ಕೈಗೆ ಅದೇ ರೂಢಿಯಾಗಿತ್ತು.

"ಅಕ್ಕ," ಎಂದ. "ಸಕ್ಕರೆ."